ವೀಲ್‌ಚೇರ್‌ಗೆ ಜಾಗ ಇದೆ, ಮೊಮ್ಮಗಳಿಗೆ ಇಲ್ವಾ?

ಇವತ್ತು ರಾಜಕೀಯ ಬೇಡ. ಒಂದು ಬಸ್ ಸ್ಟಾಪಿನ ಜಗಳದ ಬಗ್ಗೆ ಮಾತಾಡೋಣ. ಬಸ್ ಸ್ಟಾಪ್ ಮೆಜೆಸ್ಟಿಕ್ಕಿನದ್ದಲ್ಲ, ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ, ಒರ್ಲಾಂಡೋ ನಗರದ ಪಕ್ಕದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನದ್ದು.

'ಅಲ್ಲಿನ ಬಸ್ ಸ್ಟಾಪ್ ಕಟ್ಕೊಂಡು ನಮಗೇನಾಗ್ಬೇಕು ಸ್ವಾಮೀ?' ಅಂತ ನೀವು ಕೇಳಬಹುದು. ಆಗ್ಬೇಕು. ಜಯನಗರದಲ್ಲಿ, ಮೈಸೂರಿನ ಕುವೆಂಪುನಗರದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರ್ತಾರೆ. ಹೋದಾಗ ಮಕ್ಕಳು ರಜೆ ಹಾಕಿ ನಯಾಗರಾ ತೋರಿಸ್ತಾರೆ. ಮೊಮ್ಮಕ್ಕಳು ಹಟ ಹಿಡಿದ್ರೆ ಡಿಸ್ನಿಗೂ ಕರ್ಕೊಂಡು ಹೋಗ್ತಾರೆ. ಹಾಗಾಗಿ ಆ ಬಸ್ ಸ್ಟಾಪಿನ ಸಾಲಿನಲ್ಲಿ ನಮ್ಮ ಅಜ್ಜಿಯೂ ಇದ್ದಾರೆ, ನಮ್ಮ ಮೊಮ್ಮಗಳೂ ಇದ್ದಾಳೆ.

ಮೊದಲು ಜಾಗದ ಲೆಕ್ಕ ಕೇಳಿ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಈ ಡಿಸ್ನಿ ವರ್ಲ್ಡ್ ಅಂದ್ರೆ ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗ. ಅದರೊಳಗೆ 4 ದೊಡ್ಡ ಥೀಮ್ ಪಾರ್ಕುಗಳು, ಜೊತೆಗೆ ಸಾಲು ಸಾಲು ಹೋಟೆಲುಗಳು. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗ್ತೀನಿ ಅನ್ನೋ ಮಾತು ಬಹುಪಾಲು ಕಡೆ ನಡೆಯೋದೇ ಇಲ್ಲ. ಅದಕ್ಕೇ ಅಲ್ಲಿ ಬಸ್ಸಿದೆ, ಮೊನೊರೈಲ್ ಇದೆ, ದೋಣಿ ಇದೆ, ಆಕಾಶದಲ್ಲಿ ಹಗ್ಗದ ಮೇಲೆ ಓಡುವ ತೊಟ್ಟಿಲು ಗಾಡಿಯೂ ಇದೆ. ಪಾರ್ಕಿನ ಒಳಗೆ ಸುತ್ತುವುದು ಬೇರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಿಲೋಮೀಟರ್‌ಗಟ್ಟಲೆ ಕಾಲೆಳೆಯಬೇಕು.

ಈಗ ಅಜ್ಜಿಗೆ ಮಂಡಿ ನೋವು. ಮನೆಯೊಳಗೆ ಓಡಾಡ್ತಾರೆ, ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡ್ತಾರೆ. ಆದ್ರೆ ಅಷ್ಟು ದೂರ ನಡೆಯೋದಕ್ಕೆ ಆಗಲ್ಲ. ಮಗಳು ವೀಲ್‌ಚೇರ್ ಬಾಡಿಗೆಗೆ ತಗೊಳ್ಳೋಣ ಅಂತಾಳೆ. ಅಜ್ಜಿ ಒಪ್ತಾರಾ? 'ನಂಗೇನಾಗಿದೆ ಧಾಡಿ? ನಡೀತೀನಿ ಬಿಡೇ' ಅಂತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಒಂದು ಕಟ್ಟೆ ಮೇಲೆ ಕೂತು, 'ನೀವು ಹೋಗಿ ಬನ್ರಪ್ಪಾ, ನಾನಿಲ್ಲೇ ಇರ್ತೀನಿ' ಅಂತಾರೆ. ಕೊನೆಗೆ ವೀಲ್‌ಚೇರ್ ಬರುತ್ತೆ. ಇದು ಯಾವುದೋ ಒಂದು ಮನೆಯ ಕಥೆ ಅಂತ ಹೇಳ್ತಿಲ್ಲ. ಹೋಗಿ ಬಂದವರನ್ನ ಕೇಳಿ, ಹೆಚ್ಚುಕಮ್ಮಿ ಎಲ್ಲರ ಕಥೆಯೂ ಇದೇ.

ಜಗಳ ಶುರುವಾಗೋದು ರಾತ್ರಿ. ಪಟಾಕಿ ಪ್ರದರ್ಶನ ಮುಗಿಯಿತು ಅಂದ ತಕ್ಷಣ ಸಾವಿರಾರು ಜನ ಒಟ್ಟಿಗೆ ಹೊರಗೆ ಬರ್ತಾರೆ, ನಮ್ಮ ಜಾತ್ರೆಯಲ್ಲಿ ತೇರು ನಿಂತ ಮೇಲೆ ಬಸ್‌ಸ್ಟ್ಯಾಂಡ್ ಹೇಗಿರುತ್ತೋ ಹಾಗೆ. ಒಂದೊಂದು ಹೋಟೆಲ್ಲಿಗೂ ಒಂದೊಂದು ಸಾಲು. ಮುಂದೆ ನಿಂತವರು ಮುಕ್ಕಾಲು ಗಂಟೆಯಿಂದ ಕಾದಿದ್ದಾರೆ. ಬಸ್ ಬಂತು. ಬಾಗಿಲು ತೆರೆಯಿತು. ಆದ್ರೆ ಅವರಿಗೆ ಹತ್ತೋಕೆ ಬಿಡಲ್ಲ. ಚಾಲಕ ಮೊದಲು ರ‍್ಯಾಂಪ್ ಇಳಿಸ್ತಾನೆ. ಪಕ್ಕದಲ್ಲಿ ಪ್ರತ್ಯೇಕವಾಗಿ ನಿಂತಿದ್ದ ವೀಲ್‌ಚೇರ್ ಒಳಗೆ ಹೋಗುತ್ತೆ. ಅದರ ಹಿಂದೆ ಮಗಳು, ಅಳಿಯ, ಇಬ್ಬರು ಮಕ್ಕಳು, ಅಜ್ಜ. ಅವರು ಸೀಟು ಹಿಡಿದು ಕೂತಾದ ಮೇಲೆ ಸಾಲಿನಲ್ಲಿ ನಿಂತವರ ಸರದಿ. ಕೊನೆಗೆ 'ಬಸ್ ತುಂಬಿತು, ಮುಂದಿನದಕ್ಕೆ ಬನ್ನಿ' ಅಂತ ಬಾಗಿಲು ಹಾಕಿದಾಗ ಹೊರಗೆ ಉಳಿದವರ ಹೊಟ್ಟೆ ಉರಿಯುತ್ತೋ ಇಲ್ಲವೋ?

ಉರಿಯುತ್ತೆ. ಆ ಉರಿಯನ್ನ ನಾನು ತಳ್ಳಿಹಾಕಲ್ಲ. ಸಾಲಿನಲ್ಲಿ ನಿಂತವರೂ ಮನುಷ್ಯರೇ. ನಿದ್ದೆಗೆ ಜಾರಿದ ಮಗುವನ್ನ ತಳ್ಳುಗಾಡಿಯಿಂದ ಎತ್ತಿ, ಗಾಡಿ ಮಡಚಿ, ಒಂದು ಕೈಲಿ ಮಗು, ಇನ್ನೊಂದು ಕೈಲಿ ಗಾಡಿ ಹಿಡ್ಕೊಂಡು ನಿಂತ ತಾಯಿ ಅಲ್ಲಿರ್ತಾಳೆ. ಬಸ್ಸಿನಲ್ಲಿ ತಳ್ಳುಗಾಡಿ ಮಡಚಲೇಬೇಕು, ಅದು ಅಲ್ಲಿನ ನಿಯಮ. 'ಅಜ್ಜಿ ಮೊದಲು ಹತ್ತಲಿ, ಬೇಡ ಅನ್ನಲ್ಲ. ಆದ್ರೆ ಕೈಕಾಲು ಗಟ್ಟಿಯಾಗಿರೋ ಅಳಿಯ ಯಾಕೆ ನನಗಿಂತ ಮೊದಲು ಹತ್ಬೇಕು?' ಅಂತ ಆ ತಾಯಿ ಕೇಳಿದ್ರೆ ಅದು ತಪ್ಪು ಪ್ರಶ್ನೆಯಲ್ಲ. ಉತ್ತರ ಕೊಡಬೇಕಾದ ಪ್ರಶ್ನೆ.

ಹಾಗಾದ್ರೆ ಒಂದೊಂದಾಗಿ ನೋಡೋಣ. ವೀಲ್‌ಚೇರ್ ಮೊದಲೇ ಯಾಕೆ ಹತ್ಬೇಕು? ಕನಿಕರಕ್ಕಾ? ಖಂಡಿತ ಅಲ್ಲ. ಲೆಕ್ಕಾಚಾರಕ್ಕೆ. ಅಮೆರಿಕದ ನಿಯಮದ ಪ್ರಕಾರ ಬಸ್ಸಿನಲ್ಲಿ ಒಂದು ವೀಲ್‌ಚೇರ್‌ಗೆ 30 ಇಂಚು ಅಗಲ, 48 ಇಂಚು ಉದ್ದದ ಖಾಲಿ ಜಾಗ ಬೇಕು. ಅಂದ್ರೆ ಎರಡೂವರೆ ಅಡಿಗೆ ನಾಲ್ಕಡಿ, ಹತ್ತೇ ಹತ್ತು ಚದರ ಅಡಿ. 22 ಅಡಿಗಿಂತ ಉದ್ದದ ಬಸ್ಸಿನಲ್ಲಿ ಇಂಥ ಜಾಗ ಕನಿಷ್ಠ 2 ಇರಬೇಕು. ಸಾಮಾನ್ಯವಾಗಿ ಆ ಜಾಗದಲ್ಲಿ ಮಡಚುವ ಸೀಟುಗಳಿರ್ತವೆ. ಸೀಟು ಮಡಚಿದ ಮೇಲೆ ವೀಲ್‌ಚೇರ್ ಅನ್ನ ಅಲ್ಲಿಗೆ ತಿರುಗಿಸಿ ನಿಲ್ಲಿಸಬೇಕು. ಬಸ್ ಬ್ರೇಕ್ ಹಾಕಿದಾಗ ಉರುಳಬಾರದು ಅಂತ ಬೆಲ್ಟುಗಳಿಂದ ನೆಲಕ್ಕೆ ಬಿಗಿಯಬೇಕು. ಇದಕ್ಕೆ ಕೆಲವು ನಿಮಿಷ ಬೇಕು.

ಈಗ ಯೋಚನೆ ಮಾಡಿ. ಮೊದಲು 60 ಜನ ಹತ್ತಿ, ನಡುದಾರಿಯಲ್ಲೂ ನಿಂತು, ಆಮೇಲೆ ಈ ವೀಲ್‌ಚೇರ್ ಬಂದ್ರೆ? ಕೂತವರು ಏಳ್ಬೇಕು, ನಿಂತವರು ಇಳೀಬೇಕು, ಸೀಟು ಮಡಚಬೇಕು, ಮತ್ತೆ ಎಲ್ಲರೂ ಹತ್ಬೇಕು. ಐದು ನಿಮಿಷದ ಕೆಲಸ ಹದಿನೈದು ನಿಮಿಷ ಆಗುತ್ತೆ. ಹಾಗಾಗಿ ವೀಲ್‌ಚೇರ್ ಮೊದಲು ಹತ್ತೋದು ಅಜ್ಜಿಗೆ ಕೊಟ್ಟ ಬಹುಮಾನ ಅಲ್ಲ. ಸಾಲಿನಲ್ಲಿ ನಿಂತವರಿಗೂ ಅದರಿಂದ ಸಮಯ ಉಳಿಯುತ್ತೆ. ಇಳಿಯುವಾಗ ಮಾತ್ರ ಕಥೆ ಉಲ್ಟಾ. ಬೆಲ್ಟು ಬಿಚ್ಚಿ, ದಾರಿ ಖಾಲಿಯಾಗಿ, ರ‍್ಯಾಂಪ್ ಇಳಿಸುವ ಹೊತ್ತಿಗೆ ಉಳಿದವರು ಇಳಿದು ಹೊರಟೇ ಹೋಗಿರ್ತಾರೆ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ!

ಇನ್ನೊಂದು ಮಾತು. ಈ ರ‍್ಯಾಂಪ್, ಈ ಹತ್ತು ಚದರ ಅಡಿ ಜಾಗ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಬೀದಿಗಿಳಿದು ಪಡೆದದ್ದು. 1978ರ ಜುಲೈನಲ್ಲಿ ಡೆನ್ವರ್ ನಗರದಲ್ಲಿ 19 ಜನ ಅಂಗವಿಕಲ ಹೋರಾಟಗಾರರು ವೀಲ್‌ಚೇರ್‌ಗಳ ಸಮೇತ ರಸ್ತೆಗಿಳಿದು ಬಸ್ಸುಗಳನ್ನ ಅಡ್ಡಗಟ್ಟಿದ್ರು. ಕೆಲವರು ಕುರ್ಚಿಯಿಂದ ಇಳಿದು ಡಾಂಬರಿನ ಮೇಲೆ ಮಲಗಿದ್ರು. ಕೇಳಿದ್ದೇನು? ಅರಮನೆಯಾ? ಊರಿನ ಬಸ್ಸಿಗೆ ನಮ್ಮನ್ನೂ ಹತ್ತಿಸ್ಕೊಳ್ಳಿ ಅಂತ, ಅಷ್ಟೇ. 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನಲ್ಲಿ ಹತ್ತಾರು ಜನ ವೀಲ್‌ಚೇರ್, ಊರುಗೋಲು ಬಿಟ್ಟು, ಸಂಸತ್ ಭವನದ ಮೆಟ್ಟಿಲುಗಳನ್ನ ತೆವಳಿಕೊಂಡು ಹತ್ತಿದ್ರು. ಅವರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಅದೇ ವರ್ಷ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್, ಅಂದ್ರೆ ಅಪ್ಪ ಬುಷ್, ಅಂಗವಿಕಲರ ಹಕ್ಕಿನ ಕಾನೂನಿಗೆ ಸಹಿ ಹಾಕಿದ್ರು. ಇವತ್ತು ಒರ್ಲಾಂಡೋದ ಬಸ್ಸಿನಲ್ಲಿ ನಮ್ಮ ಅಜ್ಜಿ ಸಲೀಸಾಗಿ ಒಳಗೆ ಹೋಗ್ತಾರೆ ಅಂದ್ರೆ ಆ ತೆವಳಿದವರ ಋಣ ಅದು.

ಸರಿ, ಅಜ್ಜಿಯ ವಿಷಯ ಆಯ್ತು. ಅಳಿಯನ ವಿಷಯ? ಮೊಮ್ಮಕ್ಕಳ ವಿಷಯ?

ನಿಜವಾದ ಬಿಕ್ಕಟ್ಟು ಇರೋದು ಇಲ್ಲೇ. ಕಾನೂನು ವೀಲ್‌ಚೇರ್‌ಗೆ ಜಾಗ ಕೊಟ್ಟಿತು. ಜೊತೆಗೆ ಬಂದ ಸಂಸಾರ ಎಷ್ಟು ದೊಡ್ಡದು, ಅವರಲ್ಲಿ ಎಷ್ಟು ಜನ ಮುಂಚೆ ಹತ್ತಬಹುದು ಅನ್ನೋದನ್ನ ಮಾಮೂಲಿ ಬಸ್ಸಿನ ಮಟ್ಟಿಗೆ ಹೇಳಲಿಲ್ಲ. ಅಲ್ಲಿ ಇನ್ನೊಂದು ಸೇವೆ ಇದೆ. ಮಾಮೂಲಿ ಬಸ್ ಹತ್ತಲು ಆಗದವರಿಗಾಗಿ ಊರಿನ ಸಾರಿಗೆ ಸಂಸ್ಥೆಗಳೇ ಕೊಡುವ ವಾಹನ ಸೇವೆ. ಅಲ್ಲಿನ ನಿಯಮ ಸ್ಪಷ್ಟ. ಆರೈಕೆ ಮಾಡುವ ಸಹಾಯಕರಿದ್ದರೆ ಅವರು ಬರಬಹುದು. ಅವರಲ್ಲದೆ ಜೊತೆಗಾರ ಒಬ್ಬರಿಗೆ ಜಾಗ ಗ್ಯಾರಂಟಿ. ಉಳಿದವರಿಗೆ, ಜಾಗ ಇದ್ದರೆ ಮಾತ್ರ. ಥೀಮ್ ಪಾರ್ಕಿನ ಬಸ್ಸಿಗೆ ಈ ನಿಯಮ ಅನ್ವಯಿಸಲ್ಲ. ಆದ್ರೆ ನಿಯಮ ಮಾಡಿದವರು ಇದೇ ಪ್ರಶ್ನೆ ಎದುರಿಸಿ, ಎಲ್ಲೋ ಒಂದು ಕಡೆ ಗೆರೆ ಎಳೆದಿದ್ದಾರೆ ಅನ್ನೋದು ಗೊತ್ತಾಗುತ್ತೆ.

ಈಗ ಒಂದು ಕ್ಷಣ ಆ ಬಸ್ಸಿನ ಒಳಗೆ ಬನ್ನಿ. ಅಜ್ಜಿಯನ್ನ ಹತ್ತಿಸಿದ್ರು, ಕುರ್ಚಿಯನ್ನ ನೆಲಕ್ಕೆ ಬಿಗಿದ್ರು. ಕುಟುಂಬದವರು ಸಾಲಿನ ಕೊನೆಗೆ ಹೋಗಿ ಅಂದ್ರು. ಬಸ್ ತುಂಬಿತು. ಬಾಗಿಲು ಮುಚ್ಚಿತು. ಮಗಳು ಹೊರಗೆ, ಅಜ್ಜಿ ಒಳಗೆ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಕೈಲಿ ಫೋನಿಲ್ಲ, ಇದ್ರೂ ಅಲ್ಲಿನ ಸಿಮ್ ಇಲ್ಲ. ಯಾವ ಸ್ಟಾಪಿನಲ್ಲಿ ಇಳೀಬೇಕು ಗೊತ್ತಿಲ್ಲ. ಎದ್ದು ಹೋಗಿ ಚಾಲಕನನ್ನ ಕೇಳೋಣ ಅಂದ್ರೆ ಕುರ್ಚಿಯೇ ನೆಲಕ್ಕೆ ಕಟ್ಟಿಹಾಕಿದೆ. ಮಾತ್ರೆ ಇರೋದು ಮಗಳ ಬ್ಯಾಗಿನಲ್ಲಿ. ಇದನ್ನ ಸೌಲಭ್ಯ ಅಂತ ಕರೀತೀರಾ? ಲಗೇಜ್ ಹಾಕಿದ ಹಾಗೆ ಹಾಕಿ ಕಳಿಸಿದ್ದು ಅಂತಾರೆ ಇದಕ್ಕೆ!

ಅಥವಾ ತಿರುಗಿಸಿ ನೋಡಿ. ವೀಲ್‌ಚೇರಿನಲ್ಲಿ ಇರೋದು ಅಜ್ಜಿ ಅಲ್ಲ, ಆರು ವರ್ಷದ ಮಗು. ಅಥವಾ ಇಬ್ಬರು ಚಿಕ್ಕ ಮಕ್ಕಳನ್ನ ಒಬ್ಬಳೇ ಕರ್ಕೊಂಡು ಬಂದ ತಾಯಿ. ಆಗ 'ಜೊತೆಗೆ ಒಬ್ಬರು ಮಾತ್ರ' ಅಂದ್ರೆ ಯಾವ ಮಗುವನ್ನ ರಾತ್ರಿ ಹನ್ನೊಂದು ಗಂಟೆಗೆ ಬಸ್ ಸ್ಟಾಪಿನಲ್ಲಿ ಬಿಡೋದು? ಹಾಗಾಗಿ ಜೊತೆಗಾರರು ಅನ್ನೋದು ವೀಲ್‌ಚೇರ್‌ಗೆ ಅಂಟಿಸಿದ ಹೆಚ್ಚುವರಿ ಸುಖ ಅಲ್ಲ. ಎಷ್ಟೋ ಸಲ ಅವರಿಲ್ಲದೆ ಆ ಪ್ರಯಾಣವೇ ನಡೆಯಲ್ಲ.

ಹಾಗಂತ ದುರುಪಯೋಗ ಇಲ್ಲವೇ ಇಲ್ಲ ಅಂತ ನಾನು ಹೇಳಿದ್ರೆ ನೀವು ನಗ್ತೀರಿ. ಡಿಸ್ನಿಯ ಆಟಗಳ ಸಾಲಿನ ವಿಷಯದಲ್ಲಿ 2013ರಲ್ಲಿ ದೊಡ್ಡ ಸುದ್ದಿಯಾಯ್ತು. ನ್ಯೂಯಾರ್ಕಿನ ಶ್ರೀಮಂತರು ಅಂಗವಿಕಲ ಗೈಡ್‌ಗಳನ್ನ ಬಾಡಿಗೆಗೆ ಗೊತ್ತು ಮಾಡ್ಕೊಂಡು, ಅವರನ್ನ ಕುಟುಂಬದವರ ಹಾಗೆ ಜೊತೆಗಿಟ್ಕೊಂಡು ಸಾಲು ತಪ್ಪಿಸ್ತಾರೆ ಅಂತ ಅಲ್ಲಿನ ಪತ್ರಿಕೆಯಲ್ಲಿ ವರದಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್ನಿ ಹಳೇ ಪಾಸಿನ ಪದ್ಧತಿ ತೆಗೆದು ಹೊಸದು ತಂತು. ಸಾಲಿನ ತಲೆಗೆ ನೇರ ಹೋಗೋ ಹಾಗಿಲ್ಲ. ಸಾಲು ಎಷ್ಟು ಉದ್ದ ಇದೆಯೋ ಅಷ್ಟು ಹೊತ್ತು ಬೇರೆ ಕಡೆ ಕಾದು, ಕೊಟ್ಟ ಸಮಯಕ್ಕೆ ಬರಬೇಕು. 2024ರಲ್ಲಿ ಇನ್ನೂ ಬಿಗಿ ಮಾಡಿದ್ರು. ಆಟಿಸಂನಂಥ ಬೆಳವಣಿಗೆಯ ತೊಂದರೆ ಇದ್ದು ಮಾಮೂಲಿ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದವರಿಗೆ ಮುಖ್ಯವಾಗಿ ಆ ಸೌಲಭ್ಯ. ಜೊತೆಗಾರರಿಗೂ ಮಿತಿ ಬಂತು. ಹತ್ತಿರದ ಕುಟುಂಬ, ಇಲ್ಲವೇ 4 ಜನ.

ಒಬ್ಬ ಕಳ್ಳ ನುಗ್ಗಿದ್ದಕ್ಕೆ ಎಷ್ಟು ಜನ ಸಾಚಾಗಳು ದಂಡ ತೆತ್ತರು ನೋಡಿ. ನಿಜವಾಗಿ ತೊಂದರೆ ಇರೋರೂ ಈಗ ಪ್ರಶ್ನೆಗಳ ಮೇಲೆ ಪ್ರಶ್ನೆ ಎದುರಿಸಬೇಕು. ಇಂಥ ಕಳ್ಳತನದಿಂದ ಆಗೋ ದೊಡ್ಡ ನಷ್ಟ ಸಮಯದ್ದಲ್ಲ, ನಂಬಿಕೆಯದ್ದು. ವೀಲ್‌ಚೇರಿನಿಂದ ಯಾರಾದ್ರೂ ಎದ್ದು ನಾಲ್ಕು ಹೆಜ್ಜೆ ನಡೆದ್ರೆ ಸಾಕು, 'ನೋಡ್ರೀ, ನಡೀತಾರೆ! ಎಲ್ಲಾ ನಾಟಕ' ಅಂತ ಪಿಸುಗುಟ್ಟುವ ಬಾಯಿಗಳು ತೆರೀತವೆ. ಸ್ವಾಮೀ, ಹೃದಯದ ಕಾಯಿಲೆ ಕಣ್ಣಿಗೆ ಕಾಣುತ್ತಾ? ಶ್ವಾಸಕೋಶದ ತೊಂದರೆ ಕಾಣುತ್ತಾ? ನಾಲ್ಕು ಹೆಜ್ಜೆ ನಡೆಯೋಕೆ ಆಗೋರಿಗೆ ನಾಲ್ಕು ಕಿಲೋಮೀಟರ್ ನಡೆಯೋಕೆ ಆಗಬೇಕು ಅಂತ ಎಲ್ಲಿದೆ? ನಮ್ಮ ಅಜ್ಜಿಯೂ ಎದ್ದು ನಡೀತಾರೆ. ಅವರು ನಾಟಕ ಮಾಡ್ತಿದ್ದಾರಾ?

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಇದೇ ಡಿಸ್ನಿ ವರ್ಲ್ಡ್‌ನಲ್ಲಿ ಈ ಜಗಳಕ್ಕೆ ಆಸ್ಪದವೇ ಕಡಿಮೆ ಇರುವ ಜಾಗಗಳೂ ಇವೆ. ಮ್ಯಾಜಿಕ್ ಕಿಂಗ್‌ಡಮ್ ಅನ್ನೋ ಪಾರ್ಕಿಗೆ ಕೆರೆ ದಾಟಿಯೂ ಹೋಗಬಹುದು. ಅಲ್ಲೊಂದು ದೊಡ್ಡ ದೋಣಿ ಇದೆ, ಒಮ್ಮೆಗೆ 600 ಜನ ಹಿಡಿಸುತ್ತೆ. ವೀಲ್‌ಚೇರ್, ತಳ್ಳುಗಾಡಿ, ಅಜ್ಜ, ಅಜ್ಜಿ, ಅಳಿಯ ಎಲ್ಲರೂ ಒಟ್ಟಿಗೆ ಒಳಗೆ ನಡೀತಾರೆ. ಕಟ್ಟಬೇಕಾಗಿಲ್ಲ, ಮಡಚಬೇಕಾಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸ್ಕೈಲೈನರ್ ಅನ್ನೋ ಹಗ್ಗದ ಗಾಡಿ ಶುರುವಾಯ್ತು. ಒಂದು ತೊಟ್ಟಿಲಲ್ಲಿ 10 ಜನ ಕೂರಬಹುದು. ಆ ಗಾಡಿಗಳು ನಿಲ್ದಾಣದಲ್ಲಿ ನಿಲ್ಲಲ್ಲ, ನಿಧಾನಕ್ಕೆ ಸರಿಯುತ್ತಲೇ ಇರ್ತವೆ. ಹಾಗಾದ್ರೆ ವೀಲ್‌ಚೇರ್ ಹತ್ತೋದು ಹೇಗೆ? ಅದಕ್ಕೆ ಪಕ್ಕದಲ್ಲೇ ಇನ್ನೊಂದು ಹಳಿ. ಒಂದು ತೊಟ್ಟಿಲು ಆ ಕಡೆಗೆ ಹೊರಳಿ, ಪೂರ್ತಿ ನಿಲ್ಲುತ್ತೆ. ಅಜ್ಜಿ ಮತ್ತು ಮನೆಯವರು ನಿಧಾನವಾಗಿ ಹತ್ತಿ ಕೂರ್ತಾರೆ. ಅತ್ತ ಮುಖ್ಯ ಸಾಲು ತನ್ನ ಪಾಡಿಗೆ ಚಲಿಸ್ತಾ ಇರುತ್ತೆ. ಅಜ್ಜಿಯಿಂದ ಯಾರಿಗೂ ಒಂದು ಕ್ಷಣವೂ ತಡ ಆಗಲಿಲ್ಲ. ಕುಟುಂಬ ಒಟ್ಟಿಗೆ ಹೋಯ್ತು. ಯಾರೂ ಯಾರನ್ನೂ ಗುರಾಯಿಸಲಿಲ್ಲ.

ಅರ್ಥ ಆಯ್ತಲ್ವಾ? ಅದೇ ಅಜ್ಜಿ, ಅದೇ ಅಳಿಯ, ಅದೇ ಜನ. ದೋಣಿಯಲ್ಲಿ ಜಗಳ ಇಲ್ಲ, ಬಸ್ಸಿನಲ್ಲಿ ಇದೆ. ಅಂದ್ರೆ ತೊಂದರೆ ಇರೋದು ಜನರ ಗುಣದಲ್ಲಿ ಅಲ್ಲ, ಜಾಗದ ಲೆಕ್ಕದಲ್ಲಿ. ಬಸ್ಸು ಸಾಲದೆ ಇದ್ದಾಗ, ಸಾವಿರಾರು ಜನರನ್ನ ಒಂದೇ ಹೊತ್ತಿಗೆ ಹೊರಗೆ ಬಿಟ್ಟಾಗ, ಸುಸ್ತಾದ ಎರಡು ಸಂಸಾರಗಳು ಒಂದನ್ನೊಂದು ಶತ್ರುಗಳ ಹಾಗೆ ನೋಡ್ತವೆ. ಟಿಕೆಟ್ಟಿಗೆ ಸಾವಿರಾರು ರೂಪಾಯಿ ಲೆಕ್ಕದಲ್ಲಿ ದುಡ್ಡು ಎಣಿಸ್ಕೊಂಡವರ ಕಡೆಗೆ ಯಾರ ಕಣ್ಣೂ ಹೋಗಲ್ಲ!

ನನ್ನ ಅಭಿಪ್ರಾಯ ಕೇಳ್ತೀರಾ? ಹೇಳ್ತೀನಿ. ವೀಲ್‌ಚೇರ್ ಮೊದಲು ಹತ್ತಲಿ, ಅದರಲ್ಲಿ ಚರ್ಚೆಯೇ ಬೇಡ. ನೋಡ್ಕೊಳ್ಳುವವರು ಮತ್ತು ಜೊತೆಯಲ್ಲಿರೋ ಚಿಕ್ಕ ಮಕ್ಕಳು ಅವರೊಂದಿಗೇ ಹತ್ತಲಿ. ಹತ್ತು ಹನ್ನೆರಡು ಜನರ ಬಳಗ ಬಂದಿದ್ರೆ ಉಳಿದ ದೊಡ್ಡವರು ಸಾಲಿನಲ್ಲಿ ನಿಂತು ಬರಲಿ. ಚಿಕ್ಕಪ್ಪ, ಭಾವಮೈದ, ಗೆಳೆಯನ ಗೆಳೆಯ ಎಲ್ಲರೂ ಒಂದು ಕುರ್ಚಿಯ ಹಿಂದೆ ನುಗ್ಗೋದು ನ್ಯಾಯ ಅಲ್ಲ. ಅದು ಅಜ್ಜಿಯ ಮರ್ಯಾದೆಗೇ ಕುಂದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಜನ ಅನ್ನೋದನ್ನ ಸಂಸ್ಥೆಯೇ ತೀರ್ಮಾನಿಸಿ, ಸ್ಟಾಪಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕ್ಬೇಕು, ಕಾರಣ ಸಮೇತ. ಇಲ್ಲ ಅಂದ್ರೆ ರಾತ್ರಿ ಹನ್ನೊಂದಕ್ಕೆ ಆ ತೀರ್ಪು ಕೊಡಬೇಕಾದವನು ಬಡಪಾಯಿ ಬಸ್ ಚಾಲಕ. ಬೈಸಿಕೊಳ್ಳೋದೂ ಅವನೇ.

'ಅಮೆರಿಕದವರು ಎಷ್ಟು ಜನ ಒಟ್ಟಿಗೆ ಹತ್ಬೇಕು ಅಂತ ಜಗಳ ಆಡ್ತಾರೆ, ನಮ್ಮಲ್ಲಿ ಹತ್ತೋದೇ ಕಷ್ಟ' ಅಂತ ನಿಮ್ಮಲ್ಲಿ ಯಾರೋ ಒಬ್ಬರು ಈಗಾಗಲೇ ಅಂದ್ಕೊಂಡಿರ್ತೀರಿ. ನಿಜ. ನಮ್ಮ ರೈಲನ್ನೇ ತಗೊಳ್ಳಿ. ಎಷ್ಟೋ ರೈಲುಗಳಲ್ಲಿ ಅಂಗವಿಕಲರಿಗೆ ಅಂತ ಬೇರೆ ಬೋಗಿ ಇದೆ, ಗಾರ್ಡ್ ಮತ್ತು ಲಗೇಜಿನ ಜಾಗದ ಜೊತೆಗೆ, ರೈಲಿನ ತುದಿಯಲ್ಲಿ. ಟಿಕೆಟ್ ರಿಯಾಯಿತಿ ಜೊತೆಗಾರ ಒಬ್ಬರಿಗೆ. ಉಳಿದ ಸಂಸಾರ ಎಲ್ಲೋ ಮಧ್ಯದ ಬೋಗಿಯಲ್ಲಿ. ಮದುವೆಗೆ ಹೊರಟ ಮನೆಯಲ್ಲಿ ಎಲ್ಲರೂ ಒಂದು ಕಡೆ ಕೂತು ಬುತ್ತಿ ಬಿಚ್ಚಿ ತಿಂದ್ರೆ, ಒಬ್ಬರು ಮಾತ್ರ ತುದಿಯ ಬೋಗಿಯಲ್ಲಿ! 2016ರಲ್ಲಿ ನಮ್ಮಲ್ಲೂ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಈ ಸೌಲಭ್ಯದ ಮಾನದಂಡಗಳು ಮನಸ್ಸು ಬಂದ್ರೆ ಪಾಲಿಸೋ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿದೆ. ಆ ನಿಯಮ ಬರೆಯುವವರಿಗೆ ನನ್ನದೊಂದು ವಿನಂತಿ. ಕುರ್ಚಿಗೆ ಎಷ್ಟು ಇಂಚು ಅಂತ ಬರೀರಿ, ಬರೀಲೇಬೇಕು. ಆದ್ರೆ ಆ ಕುರ್ಚಿಯಲ್ಲಿ ಕೂತವರಿಗೆ ಒಂದು ಮನೆ ಇದೆ, ಅವರ ಕೈ ಹಿಡ್ಕೊಂಡು ಕೂರೋಕೆ ಬಯಸೋ ಒಂದು ಮಗು ಇದೆ ಅನ್ನೋದನ್ನ ಮರೀಬೇಡಿ.

ಇನ್ನು ಈ ವರ್ಷ ಯಾರ್ಯಾರು ಮಕ್ಕಳ ಹತ್ತಿರ ಅಮೆರಿಕಕ್ಕೆ ಹೊರಟಿದ್ದೀರೋ, ನಿಮಗೊಂದು ಮಾತು. ಮಂಡಿ ನೋವಿದ್ರೆ ಸಂಕೋಚ ಬಿಟ್ಟು ವೀಲ್‌ಚೇರ್ ತಗೊಳ್ಳಿ. ಮಗಳ ಫೋನ್ ನಂಬರು, ಹೋಟೆಲ್ಲಿನ ಹೆಸರು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೋ ಸೊಂಟದ ಪರ್ಸಿನಲ್ಲೋ ಇಟ್ಕೊಳ್ಳಿ. ಮಾತ್ರೆ ನಿಮ್ಮ ಹತ್ತಿರವೇ ಇರಲಿ. ಪಟಾಕಿ ಮುಗಿದ ತಕ್ಷಣ ಓಡೋ ಬದಲು ಅರ್ಧ ಗಂಟೆ ಕೂತು, ಜನ ಕರಗಿದ ಮೇಲೆ ಹೊರಡಿ. ಬಸ್ ಹತ್ತುವಾಗ ಸಾಲಿನಲ್ಲಿ ಮಗು ಎತ್ಕೊಂಡು ನಿಂತ ತಾಯಿ ಕಂಡ್ರೆ, ಆಕೆಗೆ ಸೀಟು ಬಿಟ್ಟುಕೊಡು ಅಂತ ನಿಮ್ಮ ಅಳಿಯನಿಗೆ ಹೇಳಿ. ಅವನು ನಿಂತು ಬರಲಿ, ಏನೂ ಆಗಲ್ಲ.

ನೀವು ಏನಂತೀರಿ, ಯೋಚನೆ ಮಾಡಿ.